ಮೂವತ್ತು ಸಾವಿರ ಎಲ್ಲಿಂದ ಬಂತು? ಕೊಡಗಿನ ಒಂದು ಪ್ರಕರಣ

ಈ ಹುಡುಗನನ್ನು ಚೇತನ್ ಅಂತ ಕರೆಯೋಣ. ಇದು ಅವನ ನಿಜವಾದ ಹೆಸರಲ್ಲ. ಮನೆಯವರ, ಕೆಲಸ ಕೊಟ್ಟವರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಸಂಬಳದ ಲೆಕ್ಕ ಮಾತ್ರ ಇದ್ದ ಹಾಗೇ ಇದೆ, ಯಾಕೆಂದರೆ ಈ ಪ್ರಕರಣದ ಜೀವ ಇರುವುದೇ ಆ ಲೆಕ್ಕದಲ್ಲಿ. ಬರೆಯುವ ಮೊದಲು ಅವನ ಒಪ್ಪಿಗೆ ಕೇಳಿದೆ. ಬರೆದದ್ದನ್ನು ಅವನೇ ಓದಿ, ಎರಡು ಕಡೆ ತಿದ್ದಿ ಕೊಟ್ಟ.

ನಾನು ಕಾಮರ್ಸ್ ಪಾಠ ಮಾಡಿ ನಿವೃತ್ತನಾದವನು. ಭಾನುವಾರ ಬೆಳಿಗ್ಗೆ ಕುಶಾಲನಗರದ ನಮ್ಮ ಮನೆ ಜಗಲಿಯಲ್ಲಿ ಕೆಲಸ ಹುಡುಕುವ ಮಕ್ಕಳ ಜೊತೆ ಕೂರುತ್ತೇನೆ. ಬಯೋಡೇಟಾ ತಿದ್ದುತ್ತೇನೆ, ಇಂಟರ್‌ವ್ಯೂನಲ್ಲಿ ಏನು ಕೇಳಬಹುದು ಅಂತ ಹೇಳಿಕೊಡುತ್ತೇನೆ. ಯಾರೇ ಬರಲಿ, ಹತ್ತು ನಿಮಿಷದೊಳಗೆ ಸಂಬಳದ ಮಾತು ಬರುತ್ತದೆ. ಹೆಚ್ಚಿನ ಸಲ ಗಂಟು ಬೀಳುವುದೂ ಅಲ್ಲೇ. ಚೇತನ್ ವಿಷಯದಲ್ಲಿ ಆ ಗಂಟನ್ನು ಮೊದಲು ಬಿಗಿ ಮಾಡಿದವನು ನಾನೇ. ಅದನ್ನೂ ಬರೆಯುತ್ತೇನೆ.

ಮನೆ ಮತ್ತು ತೋಟ

ಸೋಮವಾರಪೇಟೆ ತಾಲ್ಲೂಕಿನ ಒಂದು ಹಳ್ಳಿ. ಮೂರು ಎಕರೆ ಕಾಫಿ ತೋಟ, ಸಿಲ್ವರ್ ಓಕ್ ಮರಗಳ ಮೇಲೆ ಮೆಣಸಿನ ಬಳ್ಳಿ. ಅಪ್ಪ, ಅಮ್ಮ, ಚೇತನ್, ಅವನಿಗಿಂತ ಮೂರು ವರ್ಷ ಚಿಕ್ಕ ತಂಗಿ. 2018ರ ಆಗಸ್ಟ್ ಮಳೆಯಲ್ಲಿ ಗುಡ್ಡ ಜರಿದಾಗ ಅವರ ತೋಟದ ಮೇಲ್ಭಾಗದಲ್ಲಿ ಅರ್ಧ ಎಕರೆ ಮಣ್ಣಿನ ಜೊತೆ ಹೋಯಿತು. ಮೂರು ಎಕರೆ ಅಂದದ್ದು ಅದು ಹೋದ ಮೇಲೆ ಉಳಿದದ್ದು. ಆಗ ಚೇತನ್‌ಗೆ ಹದಿನಾರು ವರ್ಷ. ಅವತ್ತಿನಿಂದ ಅಪ್ಪನ ಬಾಯಲ್ಲಿ ಒಂದೇ ಮಾತು: "ತೋಟ ನಂಬಬೇಡ ಮಗಾ. ಓದಿ ಕೆಲಸಕ್ಕೆ ಸೇರು." ಈ ಮಾತನ್ನು ಆ ವರ್ಷ ಕೊಡಗಿನ ಎಷ್ಟೋ ಮನೆಗಳಲ್ಲಿ ನಾನೂ ಕೇಳಿದ್ದೇನೆ.

ಅವನು ಬಿಕಾಂ ಮಾಡಿದ. 2023ರಲ್ಲಿ ಪಾಸಾದ, ಶೇಕಡ 68. ಒಳ್ಳೆಯ ಹುಡುಗ, ಮಾತು ಕಡಿಮೆ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಗೊತ್ತು ಅಂತ ಬಯೋಡೇಟಾದಲ್ಲಿ ಬರೆದಿದ್ದ. ಅದು ಮೂರು ತಿಂಗಳ ಕೋರ್ಸು, ಕೈಯಲ್ಲಿ ಮಾಡಿದ ಕೆಲಸ ಇರಲಿಲ್ಲ.

ಇಂಥವರು ದೇಶದ ತುಂಬ ಇದ್ದಾರೆ. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯ ಪ್ರಕಾರ 2023ರ ಜುಲೈನಿಂದ 2024ರ ಜೂನ್‌ವರೆಗೆ ಒಟ್ಟು ನಿರುದ್ಯೋಗ ಶೇಕಡ 3.2 ಇತ್ತು. 15ರಿಂದ 29 ವಯಸ್ಸಿನವರಲ್ಲಿ ಅದು ಶೇಕಡ 10.2. ಚೇತನ್ ಆ ಹತ್ತರಲ್ಲಿ ಒಬ್ಬ. ಆದರೆ ಅವನಿಗೆ ಕೆಲಸ ಸಿಗಲಿಲ್ಲ ಅಂತ ಹೇಳಿದರೆ ಅದು ಪೂರ್ತಿ ನಿಜ ಆಗುವುದಿಲ್ಲ. ಸಿಕ್ಕಿತ್ತು. ಮೂರು ಸಲ.

ಬೇಡ ಅಂದ ಮೂರು ಕೆಲಸ

ಮೊದಲನೆಯದು 2023ರ ಅಕ್ಟೋಬರ್‌ನಲ್ಲಿ, ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಒಂದು ಕ್ಯೂರಿಂಗ್ ಘಟಕದ ಲೆಕ್ಕಪತ್ರ ವಿಭಾಗದಲ್ಲಿ. ತಿಂಗಳಿಗೆ 14,000. ಮನೆಗೆ ಬಂದು ಹೇಳಿದಾಗ ಅಪ್ಪ ಏನೂ ಅನ್ನಲಿಲ್ಲವಂತೆ. ಚೇತನ್ ತಾನೇ ಲೆಕ್ಕ ಹಾಕಿದ. ಆ ಲೆಕ್ಕವನ್ನು ಮುಂದೆ ನನ್ನ ಮುಂದೆಯೂ ಇಟ್ಟ: "ಸರ್, ತೋಟದ ಆಳಿಗೆ ದಿನಕ್ಕೆ 500 ಕೊಡ್ತೀವಿ. 26 ದಿನಕ್ಕೆ 13,000 ಆಯ್ತು. ಕೊಯ್ಲಿನ ಟೈಮಲ್ಲಿ ಕೆಜಿಗೆ 5 ರೂಪಾಯಿ. ದಿನಕ್ಕೆ 130 ಕೆಜಿ ಕುಯ್ಯೋರು ಇದಾರೆ, ಅವರಿಗೆ 650 ಬೀಳುತ್ತೆ. ನಾನು ಮೂರು ವರ್ಷ ಓದಿ 14,000ಕ್ಕೆ ಹೋಗ್ಲಾ?"

ಈ ಪ್ರಶ್ನೆಯನ್ನು ಸುಮ್ನೆ ತಳ್ಳಿ ಹಾಕುವ ಹಾಗಿಲ್ಲ. ಆಳುಗಳ ಕೂಲಿ ಏರಿದ್ದು ನ್ಯಾಯವಾಗಿಯೇ ಇದೆ. ಅಸ್ಸಾಂನಿಂದ ಜನ ಬರದಿದ್ದರೆ ಇವತ್ತು ಕೊಡಗಿನಲ್ಲಿ ಎಷ್ಟೋ ತೋಟಗಳ ಹಣ್ಣು ಗಿಡದಲ್ಲೇ ಒಣಗುತ್ತದೆ. ಆದರೆ ನಮ್ಮ ಊರುಗಳ ಆಫೀಸು, ಅಂಗಡಿಗಳ ಗುಮಾಸ್ತೆ ಸಂಬಳ ಆ ವೇಗದಲ್ಲಿ ಏರಲಿಲ್ಲ. ಡಿಗ್ರಿ ಮಾಡಿದ ಹುಡುಗನಿಗೆ ಇದು ಅವಮಾನ ಅನ್ನಿಸಿದರೆ ಅದಕ್ಕೆ ಕಾರಣ ಇದೆ.

ಎರಡನೆಯದು 2024ರ ಫೆಬ್ರವರಿಯಲ್ಲಿ, ಮಡಿಕೇರಿ ಹತ್ತಿರದ ಒಂದು ರೆಸಾರ್ಟ್‌ನಲ್ಲಿ. ಫ್ರಂಟ್ ಆಫೀಸ್ ಕೆಲಸ. 15,000, ಊಟ ಮತ್ತು ರೂಮು ಅವರದ್ದೇ. ಈ ಸಲ ಅಪ್ಪ ಬಾಯಿ ಬಿಟ್ಟರು. "ಬೇರೆಯವರ ಬ್ಯಾಗ್ ಹೊರೋಕೆ ಬಿಕಾಂ ಓದಿಸಿದ್ನಾ?" ಕೆಲಸ ಬ್ಯಾಗ್ ಹೊರುವುದಾಗಿರಲಿಲ್ಲ. ಆದರೆ ಮಾತು ಅಲ್ಲಿಗೆ ಮುಗಿಯಿತು. ಊಟ, ವಸತಿ ಸೇರಿಸಿದರೆ ಮೂರರಲ್ಲಿ ಕೈಗೆ ಅತಿ ಹೆಚ್ಚು ಉಳಿಯುತ್ತಿದ್ದ ಕೆಲಸ ಇದೇ. ಅದನ್ನು ಅವತ್ತು ಆ ಮನೆಯಲ್ಲಿ ಯಾರೂ ಲೆಕ್ಕ ಮಾಡಿ ನೋಡಲಿಲ್ಲ.

ಮೂರನೆಯದು ಬೆಂಗಳೂರಿನಲ್ಲಿ, ಬೇರೆ ಕಂಪನಿಗಳ ಆಫೀಸು ಕೆಲಸ ಮಾಡಿಕೊಡುವ ಬಿಪಿಒ ಕಂಪನಿ, 19,500. ಸೇರುವ ನಾಲ್ಕು ದಿನ ಮೊದಲೇ ಹೋಗಿ ಪಿಜಿ ಹುಡುಕಿದ. ಮೂವರು ಮಲಗುವ ರೂಮಿಗೆ 8,000 ಹೇಳಿದರು, ಎರಡು ತಿಂಗಳ ಅಡ್ವಾನ್ಸ್ ಬೇರೆ. ಐದನೇ ದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಬದಲು ಊರಿನ ಬಸ್ ಹತ್ತಿದ.

ಮೂರು ಸಲವೂ ಅವನು ಹೇಳಿದ ಮಾತು ಒಂದೇ. "ಮೂವತ್ತು ಸಾವಿರಕ್ಕಿಂತ ಕಮ್ಮಿ ಆದ್ರೆ ಆಗಲ್ಲ."

ನಾನು ಮಾಡಿದ ತಪ್ಪು

ಅವನು ನನ್ನ ಹತ್ತಿರ ಮೊದಲ ಸಲ ಬಂದದ್ದು 2024ರ ನವೆಂಬರ್‌ನಲ್ಲಿ. ಅದರ ಹಿಂದಿನ ತಿಂಗಳು ಗ್ರಾಮ ಆಡಳಿತಾಧಿಕಾರಿ ಪರೀಕ್ಷೆ ಬರೆದಿದ್ದ. ರಾಜ್ಯಕ್ಕೆಲ್ಲ ಸೇರಿ 1,000 ಹುದ್ದೆ, ಅರ್ಜಿಗಳು ಲಕ್ಷಗಟ್ಟಲೆ. ಸರಿಯಾಗಿ ಬರೆದಿಲ್ಲ ಅಂತ ಅವನಿಗೇ ಗೊತ್ತಿತ್ತು. ಮುಖದಲ್ಲಿ ದಣಿವು ಕಾಣುತ್ತಿತ್ತು.

ನಾನು ಕೇಳಿದೆ, "ಎಷ್ಟು ಸಂಬಳ ಅಂದ್ಕೊಂಡಿದೀಯ?"

"ಮೂವತ್ತು, ಸರ್."

ನಾನು ತಕ್ಷಣ ಹೇಳಿದೆ, "ಅನುಭವ ಇಲ್ಲದೆ ಇಲ್ಲಿ ಯಾರಪ್ಪಾ ಮೂವತ್ತು ಕೊಡ್ತಾರೆ? ಹದಿನಾಲ್ಕು, ಹದಿನೈದಕ್ಕೆ ಇಳಿ. ಮೊದಲು ಎಲ್ಲಾದ್ರೂ ಸೇರ್ಕೋ."

ತಲೆ ಅಲ್ಲಾಡಿಸಿದ. ಕಾಫಿ ಕುಡಿದು ಹೋದ. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನ ಭಾನುವಾರವೂ ಇಲ್ಲ.

ನಾನು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಆದರೂ ತಪ್ಪು ಮಾಡಿದೆ ಅಂತ ಈಗ ಖಂಡಿತವಾಗಿ ಹೇಳುತ್ತೇನೆ. ಆ ಮೂವತ್ತು ಎಲ್ಲಿಂದ ಬಂತು ಅಂತ ನಾನು ಕೇಳಲೇ ಇಲ್ಲ. ಅವನ ಪಾಲಿಗೆ ಅದು ಬರೀ ಸಂಖ್ಯೆ ಆಗಿರಲಿಲ್ಲ. ಮನೆಯಲ್ಲಿ ಅವನಿಗೆ ಉಳಿದಿದ್ದ ಮರ್ಯಾದೆ ಅದರಲ್ಲಿತ್ತು. ಅದನ್ನು ಅರ್ಧಕ್ಕೆ ಇಳಿಸು ಅಂತ, ಪರಿಚಯವಾಗಿ ಹತ್ತು ನಿಮಿಷ ಆಗದ ನಾನು ಹೇಳಿದೆ. ಯಾವ ಹುಡುಗ ಕೇಳುತ್ತಾನೆ?

ಇನ್ನೊಂದು ವಿಷಯವೂ ನನಗೆ ಆಗ ಹೊಳೆಯಲಿಲ್ಲ. ಅವನಿಗೆ ಯುವನಿಧಿ ಬರುತ್ತಿತ್ತು. ಪದವಿ ಮುಗಿಸಿ 180 ದಿನ ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರ್ಕಾರ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ, ಹೆಚ್ಚೆಂದರೆ ಎರಡು ವರ್ಷ. ಡಿಪ್ಲೊಮಾ ಮಾಡಿದವರಿಗೆ 1,500. 2024ರ ಜನವರಿಯಲ್ಲಿ ಹಣ ಹಾಕಲು ಶುರು ಮಾಡಿದರು. ಕೆಲಸ ಸಿಕ್ಕ ಕೂಡಲೇ ನಿಲ್ಲುತ್ತದೆ. ಅವನ ಮನಸ್ಸಿನ ಲೆಕ್ಕ ಹೀಗಿತ್ತು: 14,000ದ ಕೆಲಸಕ್ಕೆ ಸೇರಿದರೆ 3,000 ಹೋಗುತ್ತದೆ, ಬಸ್ಸು, ಊಟಕ್ಕೆ ಇನ್ನೂ 3,000. ಉಳಿಯೋದು 8,000. ಅದಕ್ಕೆ ತಿಂಗಳಿಗೆ 26 ದಿನ. ಹಾಗಂತ ಯುವನಿಧಿ ಬೇಡ ಅಂತ ನಾನು ಹೇಳುವುದಿಲ್ಲ. ಅವನ ಪರೀಕ್ಷೆ ಫೀಸು, ಇಂಟರ್‌ವ್ಯೂಗೆ ಹೋಗುವ ಬಸ್ ಚಾರ್ಜು, ಮೊಬೈಲ್ ರೀಚಾರ್ಜು ಎಲ್ಲ ಆ ಹಣದಲ್ಲೇ ನಡೆದದ್ದು. ಅಪ್ಪನ ಮುಂದೆ ಕೈ ಚಾಚುವುದು ತಪ್ಪಿತು. ಆದರೆ ಒಬ್ಬ ಹುಡುಗ ಕೆಲಸವನ್ನು ಹೇಗೆ ತೂಗುತ್ತಾನೆ ಅಂತ ತಿಳಿಯಬೇಕಾದರೆ ಇದನ್ನೂ ತಕ್ಕಡಿಯಲ್ಲಿ ಇಡಬೇಕು.

ತೋಟದ ಬೆಲೆಯೂ ಆ ತಕ್ಕಡಿಯಲ್ಲಿತ್ತು. 2024ರಲ್ಲಿ ರೊಬಸ್ಟಾ ಚೆರಿ, ಅಂದರೆ ರೊಬಸ್ಟಾ ಜಾತಿಯ ಒಣಗಿಸಿದ ಕಾಫಿ ಹಣ್ಣು, 50 ಕೆಜಿ ಚೀಲಕ್ಕೆ 10,000 ರೂಪಾಯಿ ದಾಟಿತು. ಕೊಡಗಿನವರು ಅಂಥ ರೇಟು ಅದುವರೆಗೆ ಕಂಡಿರಲಿಲ್ಲ. ಚೇತನ್ ಮನೆಯಲ್ಲಿ ಹಳೆಯ ಸಾಲ ತೀರಿತು. "ಅರ್ಜೆಂಟ್ ಏನಿಲ್ಲ, ಒಳ್ಳೇದು ಸಿಗಲಿ" ಅಂತ ಅಮ್ಮ ಹೇಳಿದರು. ಇಷ್ಟಕ್ಕಿಂತ ಕಡಿಮೆ ಆದರೆ ಬೇಡ ಅನ್ನುವ ಸಂಬಳಕ್ಕೆ ಅರ್ಥಶಾಸ್ತ್ರದವರು ರಿಸರ್ವೇಶನ್ ವೇಜ್ ಅನ್ನುತ್ತಾರೆ. ಕೆಲಸ ಹುಡುಕಾಟದ ಬಗ್ಗೆ ಅಧ್ಯಯನ ಮಾಡಿದ ಡೈಮಂಡ್, ಮಾರ್ಟೆನ್ಸನ್, ಪಿಸ್ಸಾರಿಡೀಸ್ ಎಂಬ ಮೂವರಿಗೆ 2010ರಲ್ಲಿ ನೊಬೆಲ್ ಕೂಡ ಬಂತು. ಕಾಯುವ ಶಕ್ತಿ ಇದ್ದವರ ಗೆರೆ ಮೇಲಿರುತ್ತದೆ, ಇಲ್ಲದವರ ಗೆರೆ ಕೆಳಗಿರುತ್ತದೆ. ಕ್ಲಾಸಿನಲ್ಲಿ ಇದನ್ನು ನಾನು ವರ್ಷಗಟ್ಟಲೆ ಹೇಳಿದ್ದೇನೆ. ಜಗಲಿಯಲ್ಲಿ ಎದುರಿಗೆ ಕೂತ ಹುಡುಗನ ವಿಷಯದಲ್ಲಿ ನೆನಪಾಗಲಿಲ್ಲ.

ಇಲ್ಲಿ ಇನ್ನೊಬ್ಬಳ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಚೇತನ್ ಕ್ಲಾಸಿನಲ್ಲೇ ಓದಿದ ಹುಡುಗಿ. ಒಂದು ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ತೋಟದ ಆಳುಗಳಿಗೆ ಸಾಲಾಗಿ ಕಟ್ಟಿದ ಮನೆಯಲ್ಲಿ, ಬೆಳೆದವಳು. ಅವಳ ಅಂಕ ಶೇಕಡ 74, ಇವನಿಗಿಂತ ಜಾಸ್ತಿ. ರಿಸಲ್ಟ್ ಬಂದ ವಾರದಲ್ಲೇ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸಕ್ಕೆ ಸೇರಿದಳು. 9,000. ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟರವರೆಗೆ. ಯಾಕಮ್ಮಾ ಇಷ್ಟು ಕಮ್ಮಿಗೆ ಒಪ್ಪಿಕೊಂಡೆ ಅಂತ ಕೇಳಿದ್ದಕ್ಕೆ, "ಇಲ್ಲ ಅಂದ್ರೆ ನಾಳೆಯಿಂದ ಅಮ್ಮನ ಜೊತೆ ತೋಟಕ್ಕೆ ಹೋಗ್ಬೇಕು ಸರ್" ಅಂದಳು. ಯುವಕರು ಜಾಸ್ತಿ ಸಂಬಳ ಕೇಳುತ್ತಾರೆ ಅಂತ ದೂರುವವರಿಗೆ ಇವಳು ಕಾಣಿಸುವುದಿಲ್ಲ. ಇವಳ ತೊಂದರೆ ಚೇತನ್‌ದಕ್ಕೆ ತಿರುಗುಮುರುಗು. ಅವಳಿಗೆ ಕಾಯಲು ಒಂದು ತಿಂಗಳೂ ಇರಲಿಲ್ಲ. ಕೇಳಬೇಕಾದಷ್ಟೂ ಕೇಳಲಿಲ್ಲ.

ಸರಿಯಾಗಿ ಮೂವತ್ತೆರಡು ಹೇಳಿದವರು

2025ರ ಜನವರಿಯಲ್ಲಿ ಚೇತನ್ ಮತ್ತೆ ಬಂದ. ಭಾನುವಾರ ಅಲ್ಲ, ಬುಧವಾರ, ಕತ್ತಲಾದ ಮೇಲೆ. ಬಂದವನು ಹತ್ತು ನಿಮಿಷ ಮಾತಾಡಲಿಲ್ಲ.

ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಬಂದಿತ್ತಂತೆ. ಮನೆಯಿಂದಲೇ ಡಾಟಾ ಎಂಟ್ರಿ ಕೆಲಸ, ತಿಂಗಳಿಗೆ 32,000. ಫೋನಿನಲ್ಲಿ ಇಂಟರ್‌ವ್ಯೂ ಆಯಿತು, ಮೊಹರು ಹಾಕಿದ ಆಫರ್ ಲೆಟರ್ ಬಂತು. ಲ್ಯಾಪ್‌ಟಾಪ್ ಕಳಿಸುತ್ತೇವೆ, ಡಿಪಾಸಿಟ್ ಅಂತ 4,500 ಹಾಕಿ, ಮೊದಲ ಸಂಬಳದಲ್ಲಿ ವಾಪಸ್ ಸೇರಿಸಿ ಕೊಡುತ್ತೇವೆ ಅಂದರು. ಅಮ್ಮ ಸಂಘದಿಂದ ಸಾಲ ತೆಗೆದು ಕೊಟ್ಟರು. ಹಣ ಹೋಯಿತು, ನಂಬರ್ ಬಂದ್ ಆಯಿತು.

1930ಕ್ಕೆ ಫೋನ್ ಮಾಡಿಸಿದೆ. ಸೈಬರ್ ವಂಚನೆಗೆ ಇರುವ ಸಹಾಯವಾಣಿ ಅದು. ಗಂಟೆಗಳ ಒಳಗೆ ಹೇಳಿದರೆ ಹಣ ತಡೆಯುವ ಅವಕಾಶ ಇರುತ್ತದೆ. ಇವನು ನಾಚಿಕೆಯಿಂದ ಆರು ದಿನ ಯಾರಿಗೂ ಹೇಳಿರಲಿಲ್ಲ. ದೂರು ದಾಖಲಾಯಿತು, ಹಣ ಬರಲಿಲ್ಲ.

ಅವತ್ತು ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಹದಿನೆಂಟು ತಿಂಗಳಲ್ಲಿ ಅವನಿಗೆ ಅವನ ಸಂಖ್ಯೆಯನ್ನು ಕೊಡುತ್ತೇವೆ ಅಂದವರು ಈ ಮೋಸಗಾರರು ಮಾತ್ರ. ಉಳಿದ ನಾವೆಲ್ಲ "ಇಳಿ, ಇಳಿ" ಅಂದವರೇ. ಅವನು ನಂಬಿದ್ದು ದಡ್ಡತನದಿಂದ ಅಲ್ಲ. ತನ್ನ ಬೆಲೆ ಯಾರಿಗೋ ಗೊತ್ತಾಯಿತಲ್ಲ ಅನ್ನುವ ಸಮಾಧಾನದಿಂದ.

ಅಣ್ಣನ ಸಂಬಳ ಚೀಟಿ

ಮುಂದಿನ ಭಾನುವಾರ ಅವನನ್ನು ಒಬ್ಬನನ್ನೇ ಕೂರಿಸಿಕೊಂಡೆ. ಇಳಿಸುವ ಮಾತೇ ಆಡಲಿಲ್ಲ. "ಮೂವತ್ತು ಅಂತ ಯಾವತ್ತು ಅನ್ನಿಸ್ತು? ಆ ದಿನ ನೆನಪಿದ್ಯಾ?" ಅಂತ ಕೇಳಿದೆ.

ನೆನಪಿತ್ತು. ಚಿಕ್ಕಪ್ಪನ ಮಗನ ವಿಷಯ. ಇವನಿಗಿಂತ ಎರಡು ವರ್ಷ ದೊಡ್ಡವನು, ಬೆಂಗಳೂರಿನಲ್ಲಿ ಕೆಲಸ. ಸಂಬಂಧಿಕರ ಮದುವೆಯಲ್ಲಿ ಊಟಕ್ಕೆ ಕೂತಾಗ ಚಿಕ್ಕಪ್ಪ ಹೇಳಿದರಂತೆ, "ನಮ್ ಹುಡುಗನಿಗೆ ಮೂವತ್ತೈದು." ಅಪ್ಪ ಇವನ ಕಡೆ ಒಂದು ಸಲ ನೋಡಿದರು, ಏನೂ ಹೇಳಲಿಲ್ಲ. ಅಷ್ಟೇ. ಅಣ್ಣನಿಗೆ ಮೂವತ್ತೈದು ಅಂದರೆ ತನಗೆ ಐದು ಕಮ್ಮಿ ಆದರೂ ಪರವಾಗಿಲ್ಲ ಅಂತ ಅವನೇ ಮೂವತ್ತಕ್ಕೆ ಗೆರೆ ಎಳೆದ. ಅವನ ಪ್ರಕಾರ ಅದು ಆಗಲೇ ಸಾಕಷ್ಟು ಇಳಿಸಿದ ಸಂಖ್ಯೆ!

"ಅಣ್ಣನಿಗೆ ಫೋನ್ ಮಾಡೋಣ್ವಾ?" ಅಂದೆ. ಬೇಡ ಅಂದ. ಒಂದು ವಾರ ಬಿಟ್ಟು ತಾನೇ ಮಾಡಿದ. ಅಣ್ಣ ಒಳ್ಳೆಯವನು. ಮುಚ್ಚಿಡದೆ ಸಂಬಳ ಚೀಟಿಯ ಫೋಟೋ ಕಳಿಸಿದ. ನಾವಿಬ್ಬರೂ ನೋಟ್‌ಬುಕ್ ಇಟ್ಟುಕೊಂಡು ಕೂತೆವು. ಈ ಪ್ರಕರಣ ತಿರುಗಿದ್ದು ಇಲ್ಲಿ, ಹಾಗಾಗಿ ಲೆಕ್ಕವನ್ನು ಪೂರ್ತಿ ಕೊಡುತ್ತೇನೆ.

ವರ್ಷಕ್ಕೆ 4,20,000 ಸಿಟಿಸಿ, ತಿಂಗಳಿಗೆ 35,000. ಚಿಕ್ಕಪ್ಪ ಹೇಳಿದ್ದು ಇದನ್ನೇ. ಆದರೆ ಸಿಟಿಸಿ ಅಂದರೆ ಕಂಪನಿಗೆ ಬೀಳುವ ಒಟ್ಟು ಖರ್ಚು. ಅದರಲ್ಲಿ 3,500 ವರ್ಷದ ಕೊನೆಗೆ ಕೆಲಸ ನೋಡಿ ಕೊಡುವ ಹಣ, ಪ್ರತಿ ತಿಂಗಳು ಬರುವುದಿಲ್ಲ. 1,800 ಕಂಪನಿ ಕಟ್ಟುವ ಪಿಎಫ್. 840 ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಕೊಡುವ ಹಣಕ್ಕೆ, ತೆಗೆದಿಡುವುದು. ಅದು ಕೈಗೆ ಸಿಗಬೇಕಾದರೆ ಮಾಮೂಲಾಗಿ ಐದು ವರ್ಷ ಅಲ್ಲೇ ಇರಬೇಕು. 360 ವಿಮೆಗೆ. ಇಷ್ಟು ತೆಗೆದರೆ ಚೀಟಿಯಲ್ಲಿ ಕಾಣುವ ಸಂಬಳ 28,500. ಅದರಲ್ಲಿ ಅವನ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200. ಬ್ಯಾಂಕಿಗೆ ಬೀಳುವುದು 26,500.

ಖರ್ಚನ್ನೂ ಅಣ್ಣ ಹೇಳಿದ. ಪಿಜಿ 8,500. ಮಧ್ಯಾಹ್ನದ ಊಟ, ಹೊರಗಿನ ತಿಂಡಿ 3,000. ಓಡಾಟ 2,000. ತಿಂಗಳಿಗೊಮ್ಮೆ ಊರಿಗೆ ಬಂದು ಹೋಗಲು, ಬರುವಾಗ ಏನಾದರೂ ತರಲು 1,800. ಮೊಬೈಲು 700. ಲ್ಯಾಪ್‌ಟಾಪ್ ಸಾಲದ ಕಂತು 2,500. ಕೂಡಿದರೆ 18,500. ಉಳಿಯುವುದು 8,000.

ಚೇತನ್ ಆ ಎಂಟು ಸಾವಿರವನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ, "ಸರ್, ಮೂವತ್ತೈದು ಅಂದಿದ್ದು ಸುಳ್ಳಾ?"

"ಸುಳ್ಳಲ್ಲ ಕಣೋ. ಪೂರ್ತಿ ಹೇಳಿರಲಿಲ್ಲ ಅಷ್ಟೇ," ಅಂದೆ.

ಅಣ್ಣ ಸೋತವನು ಅಂತ ತೋರಿಸುವುದು ನನ್ನ ಉದ್ದೇಶ ಆಗಿರಲಿಲ್ಲ. ಅಣ್ಣನ ಸಂಬಳ ಎರಡು ವರ್ಷದಲ್ಲಿ ಇನ್ನೂ ಏರಬಹುದು, ಅವನು ಕಲಿಯುತ್ತಿರುವ ಕೆಲಸ ಹಾಗಿದೆ. ನನಗೆ ಬೇಕಾಗಿದ್ದು ಇಷ್ಟೇ. ಚೇತನ್ ಒಂದು ಸಂಖ್ಯೆಯ ಒಳಗೆ ಕೈ ಹಾಕಿ, ಅದು ಯಾವ ಯಾವ ತುಂಡಿನಿಂದ ಆಗಿದೆ ಅಂತ ತಾನೇ ಬಿಡಿಸಿ ನೋಡಬೇಕಿತ್ತು. ನೋಡಿದ.

ಒಂದು ಸಂಖ್ಯೆ ಹೋಗಿ ಮೂರು ಬಂದವು

ಅದೇ ನೋಟ್‌ಬುಕ್ಕಿನ ಮುಂದಿನ ಹಾಳೆಯಲ್ಲಿ ಅವನ ಲೆಕ್ಕ ಬರೆದೆವು. ತಿಂಗಳ ಕೊನೆಗೆ ಅವನಿಗೆ ಏನು ಬೇಕು? ಮನೆಗೆ 4,000 ಕೊಡಬೇಕು ಅಂದ. ಸಂಘದ ಸಾಲ ತೀರಿಸಬೇಕು. ಕೈಯಲ್ಲಿ 5,000 ಉಳಿಯಬೇಕು. ಕಲಿಯಲು ಒಂದಿಷ್ಟು ಖರ್ಚು. ಮನೆಯಿಂದಲೇ ಹೋಗಿ ಬರುವುದಾದರೆ ಬುತ್ತಿ ಅಮ್ಮ ಕಟ್ಟುತ್ತಾರೆ, ಬಸ್ಸಿಗೆ ದಿನಕ್ಕೆ 80. ಹೀಗೆಲ್ಲ ಕೂಡಿದಾಗ ಕುಶಾಲನಗರದಲ್ಲಾದರೆ 15,000 ಸಾಕು ಅಂತ ಬಂತು. ಮೈಸೂರಿಗೆ ರೂಮು, ಊಟ ಸೇರಿಸಿದರೆ 21,000. ಬೆಂಗಳೂರಿಗೆ 26,000.

ಈ ಲೆಕ್ಕ ನೋಡಿದ ಮೇಲೆ ಅವನೇ ಹೇಳಿದ ಮಾತು ನನಗೆ ಮುಖ್ಯ ಅನ್ನಿಸಿತು. "ಹಾಗಾದ್ರೆ ಬೆಂಗಳೂರಿನ 19,500 ಬಿಟ್ಟಿದ್ದು ಸರಿ. ರೆಸಾರ್ಟ್ ಬಿಟ್ಟಿದ್ದು ತಪ್ಪು." ಎರಡನ್ನೂ ಅದುವರೆಗೆ ಅವನು ಒಂದೇ ಕಾರಣಕ್ಕೆ ಬಿಟ್ಟಿದ್ದ: ಮೂವತ್ತು ಇಲ್ಲ. ಈಗ ಎರಡಕ್ಕೂ ಬೇರೆ ಬೇರೆ ಉತ್ತರ ಬಂತು.

ಇನ್ನೊಂದು ಹಾಳೆ ಉಳಿದಿತ್ತು. ಅವನು ಏನು ಮಾಡಬಲ್ಲ? ಟ್ಯಾಲಿ, ಎಕ್ಸೆಲ್ ಅಂತ ಎರಡು ಸಾಲು ಬರೆದು ನಿಲ್ಲಿಸಿದ. ನಾನು ಸುಮ್ನೆ ಕೇಳಿದೆ, ಈ ಸಲ ನಿಮ್ಮ ಚೆರಿ ಎಷ್ಟಕ್ಕೆ ಹೋಯ್ತು? ಆಗ ಅವನ ಬಾಯಿ ತೆರೆಯಿತು. ಔಟ್‌ಟರ್ನ್ ಎಷ್ಟು ಬಂತು, ವ್ಯಾಪಾರಿ ಎಷ್ಟು ಹಿಡಿದ, ತೇವ ಎಷ್ಟು ಅಂತ ಕಳೆದ, ಮೆಣಸಿಗೆ ಲೀಟರ್ ತೂಕ (ಒಂದು ಲೀಟರ್ ಅಳತೆಯ ಮೆಣಸು ಎಷ್ಟು ತೂಗುತ್ತದೆ ಅನ್ನುವುದು) ಹೇಗೆ ನೋಡಿದರು ಎಲ್ಲ ಹೇಳಿದ. 50 ಕೆಜಿ ಒಣ ಚೆರಿಯಿಂದ 26 ಕೆಜಿ ಬೀಜ ಬಂದರೆ ಔಟ್‌ಟರ್ನ್ 26. ಒಂದು ಅಂಕ ಹೆಚ್ಚು ಕಮ್ಮಿ ಆದರೆ ಚೀಲಕ್ಕೆ ಎಷ್ಟು ವ್ಯತ್ಯಾಸ ಅಂತ ಬಾಯಲ್ಲೇ ಲೆಕ್ಕ ಮಾಡುತ್ತಿದ್ದ. ಎಂಟನೇ ಕ್ಲಾಸಿನಿಂದ ಅಪ್ಪನ ಜೊತೆ ವ್ಯಾಪಾರಿಗಳ ಹತ್ತಿರ ಹೋಗುತ್ತಿದ್ದನಂತೆ.

"ಇದನ್ನ ಬಯೋಡೇಟಾದಲ್ಲಿ ಯಾಕೆ ಬರೆದಿಲ್ಲ?"

"ಇದೆಲ್ಲ ಕ್ವಾಲಿಫಿಕೇಶನ್ನಾ ಸರ್?"

ದೇಶದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆಯ ಹುಡುಗ ಕೇಳಿದ ಪ್ರಶ್ನೆ ಇದು. ಇಷ್ಟು ವರ್ಷ ಕಾಮರ್ಸ್ ಪಾಠ ಮಾಡಿದ ನಾನು ಒಮ್ಮೆಯಾದರೂ ಕಾಫಿ ಚೀಲದ ಲೆಕ್ಕವನ್ನು ಬೋರ್ಡ್ ಮೇಲೆ ಬಿಡಿಸಿದ್ದೆನಾ ಅಂತ ಯೋಚಿಸಿದೆ. ಇಲ್ಲ.

ಸಂಬಳ ಮಾತಾಡಿದ ದಿನ

ಮಾರ್ಚ್ ಮೊದಲ ವಾರ. ಕುಶಾಲನಗರದಲ್ಲಿ ಕಾಫಿ, ಮೆಣಸು ಕೊಳ್ಳುವ ಒಂದು ಸಂಸ್ಥೆ, ಹನ್ನೆರಡು ಜನ ಕೆಲಸದವರು. ಎರಡು ವರ್ಷದಲ್ಲಿ ಮೂವರು ಅಕೌಂಟೆಂಟ್‌ಗಳು ಬಿಟ್ಟು ಹೋಗಿದ್ದರು. ಮಾಲೀಕರಿಗೆ ಹುಡುಗರ ಮೇಲೆ ಸಿಟ್ಟಿತ್ತು. "ನಾಲ್ಕು ತಿಂಗಳು ಕಲೀತಾರೆ, ಬೆಂಗಳೂರಿಗೆ ಓಡ್ತಾರೆ ಮೇಷ್ಟ್ರೇ" ಅಂದರು. ಅವರು ಕೊಡುತ್ತಿದ್ದದ್ದು 14,000, ಮೂವರಿಗೂ ಅಷ್ಟೇ. ಒಬ್ಬರು ಬಿಟ್ಟು ಹೋದಾಗಲೆಲ್ಲ ಹೊಸಬರು ಪಳಗುವವರೆಗೆ ತೆರಿಗೆ ರಿಟರ್ನ್ಸ್ ತಡವಾಗಿ ದಂಡ ಕಟ್ಟಿದ್ದು, ಬಿಲ್ಲುಗಳು ತಪ್ಪಿದ್ದು ಎಲ್ಲ ಸೇರಿಸಿದರೆ ಎಷ್ಟು ಹೋಯಿತು ಅಂತ ನಾನು ಕೇಳಿದೆ. ಅವರು ಉತ್ತರ ಕೊಡಲಿಲ್ಲ, ಆದರೆ ಯೋಚಿಸಿದರು.

ಇಂಟರ್‌ವ್ಯೂಗೆ ನಾನು ಹೋಗಲಿಲ್ಲ. ಚೇತನ್ ಹೇಳಿದ್ದನ್ನು ಬರೆಯುತ್ತೇನೆ. ಮಾಲೀಕರು ಒಂದು ಹಳೆಯ ಖರೀದಿ ಚೀಟಿ ಕೊಟ್ಟು ಲೆಕ್ಕ ಸರಿ ಇದೆಯಾ ನೋಡು ಅಂದರು. ಔಟ್‌ಟರ್ನ್ ಕಳೆಯುವಾಗ ತಪ್ಪಾಗಿತ್ತು. ಇವನು ಹಿಡಿದ. ಆಮೇಲೆ ಸಂಬಳ ಕೇಳಿದರು. ಇವನು "ನನ್ನ ಫ್ರೆಂಡ್‌ಗೆ ಇಷ್ಟು, ಅಣ್ಣನಿಗೆ ಅಷ್ಟು" ಅನ್ನಲಿಲ್ಲ. "ಖರೀದಿ ಲೆಕ್ಕ ನಾಳೆಯಿಂದಲೇ ನೋಡ್ಕೋತೀನಿ. ಜಿಎಸ್‌ಟಿ ಬರಲ್ಲ, ಮೂರು ತಿಂಗಳಲ್ಲಿ ಕಲೀತೀನಿ. 17,000 ಕೊಡಿ" ಅಂದ. ಅವರು 14ರಿಂದ ಶುರು ಮಾಡಿ 16,000ಕ್ಕೆ ನಿಂತರು. ಆಗ ಇವನು ನಾವು ಮೊದಲೇ ಮಾತಾಡಿಕೊಂಡಿದ್ದ ಇನ್ನೊಂದು ವಿಷಯ ಕೇಳಿದ. ಆರು ತಿಂಗಳಿಗೆ ಕೆಲಸ ನೋಡಿ 18,500 ಮಾಡುವುದಾಗಿ ನೇಮಕದ ಪತ್ರದಲ್ಲೇ ಬರೆದು ಕೊಡಿ. ಮಾಲೀಕರಿಗೆ ಇಷ್ಟವಾಗಲಿಲ್ಲ. ಮಾತು ಕೊಡ್ತೀನಲ್ಲ ಅಂದರು. ಇವನು ಎದ್ದು ಬಂದ, ಎರಡು ದಿನ ಕಾದ. ಆ ಎರಡು ದಿನ ಅವನ ಅಮ್ಮ ನನಗೆ ನಾಲ್ಕು ಸಲ ಫೋನ್ ಮಾಡಿದರು. ಮೂರನೇ ದಿನ ಪತ್ರ ಬಂತು, ಆ ಸಾಲು ಇತ್ತು.

ಇಪ್ಪತ್ತು ಜನರಿಗಿಂತ ಕಡಿಮೆ ಇರುವ ಕಡೆ ಪಿಎಫ್ ಕಡ್ಡಾಯ ಅಲ್ಲ, ಹಾಗಾಗಿ ಪಿಎಫ್ ಇಲ್ಲ. ಹತ್ತು ದಾಟಿದ್ದರಿಂದ ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ಆರೋಗ್ಯ ವಿಮೆ, ಇದೆ. ಅದಕ್ಕೆ ಶೇಕಡ 0.75ರಂತೆ 120 ರೂಪಾಯಿ ಮುರಿದು ಕೈಗೆ ಬಂದದ್ದು 15,880. ಮೊದಲ ತಿಂಗಳ ಚೀಟಿಯನ್ನು ತಂದು, ಪ್ರತಿ ಸಾಲು ಏನು ಅಂತ ಅವನೇ ನನಗೆ ಓದಿ ಹೇಳಿದ.

ಆಮೇಲೆ

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಜಿಎಸ್‌ಟಿ ಕಲಿಯಲು ಮೂರರ ಬದಲು ಐದು ತಿಂಗಳು ಹಿಡಿಯಿತು. ಈಗ 11ನೇ ತಾರೀಕಿಗೆ ಮಾರಾಟದ ವಿವರ, 20ನೇ ತಾರೀಕಿಗೆ ತೆರಿಗೆಯ ರಿಟರ್ನ್ ಅವನೇ ಹಾಕುತ್ತಾನೆ. ಆ ದಿನಗಳಲ್ಲಿ ಕೊನೆ ಬಸ್ ತಪ್ಪುತ್ತದೆ. ಆಫೀಸಿನ ಗೋದಾಮಿನ ಪಕ್ಕದ ರೂಮಿನಲ್ಲಿ ಮಲಗುತ್ತಾನೆ. ಓವರ್‌ಟೈಮ್ ಇಲ್ಲ. ಇದು ನನಗೆ ಸರಿ ಕಾಣುವುದಿಲ್ಲ, ಮಾಲೀಕರಿಗೂ ಹೇಳಿದ್ದೇನೆ.

ಸೆಪ್ಟೆಂಬರ್‌ನಲ್ಲಿ ಸಂಬಳ ಏರಬೇಕಿತ್ತು. ಹೊಸ ಫಸಲು ಬರಲಿ ಅಂದರು. ಚೇತನ್ ಜಗಳ ಆಡಲಿಲ್ಲ. ಪತ್ರದ ಆ ಸಾಲಿಗೆ ಗೆರೆ ಎಳೆದು, ಝೆರಾಕ್ಸ್ ಮಾಡಿ ಮೇಜಿನ ಮೇಲಿಟ್ಟ. ನವೆಂಬರ್‌ನಿಂದ 18,500 ಆಯಿತು. ನಡುವಿನ ಎರಡು ತಿಂಗಳ ಬಾಕಿ ಬರಲಿಲ್ಲ. ಬಾಯಿ ಮಾತಾಗಿದ್ದರೆ ನವೆಂಬರ್‌ನಲ್ಲೂ ಬರುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಮೂವತ್ತಕ್ಕೆ ಇನ್ನೂ ದೂರ ಇದೆ. ಮೈಸೂರಿನಲ್ಲಿ 24,000ಕ್ಕೆ ಒಂದು ಕಡೆ ಮಾತಾಡುತ್ತಿದ್ದಾನೆ. ಅವನ 21,000ದ ಗೆರೆಗಿಂತ ಅದು ಮೇಲಿದೆ. ಹೋದರೆ ಮಾಲೀಕರು ಮತ್ತೆ ಹುಡುಗರು ಓಡ್ತಾರೆ ಅನ್ನಬಹುದು. ಆದರೆ ಇವನು ಹೋಗುವ ವಿಷಯವನ್ನು ಅವರಿಗೆ ಮೊದಲೇ ಹೇಳಿದ್ದಾನೆ. ಅವರು 21,500ಕ್ಕೆ ಏರಿಸಲು ಯೋಚಿಸುತ್ತಿದ್ದಾರೆ. ಮನೆಯಿಂದ ಹೋಗಿ ಬರುವ 21,500, ಮೈಸೂರಿನ 24,000ಕ್ಕಿಂತ ಕೈಯಲ್ಲಿ ಜಾಸ್ತಿ ಉಳಿಸುತ್ತದೆ. ಆದರೆ ಮೈಸೂರಿನಲ್ಲಿ ಕಲಿಯಲು ಜಾಸ್ತಿ ಇದೆ. ಅವನು ಏನು ಮಾಡುತ್ತಾನೋ ನನಗೆ ಗೊತ್ತಿಲ್ಲ. ಈ ಸಲ ಅವನೇ ತೂಗುತ್ತಿದ್ದಾನೆ, ನಾನು ಬಾಯಿ ಹಾಕಿಲ್ಲ.

ಇದರಿಂದ ನನ್ನ ಭಾನುವಾರಗಳು ಬದಲಾದವು. ಈಗ ಯಾರಿಗೂ ಇಳಿಸು ಅನ್ನುವುದಿಲ್ಲ, ಎಲ್ಲಿಂದ ಬಂತು ಅಂತ ಕೇಳುತ್ತೇನೆ. ಮೂರು ಊರಿನ ಮೂರು ಸಂಖ್ಯೆ ಬರೆಸುತ್ತೇನೆ. ಡಿಪಾಸಿಟ್ ಕೇಳಿದವರ ಕೆಲಸ ಕೆಲಸವೇ ಅಲ್ಲ ಅಂತ ಮೊದಲ ದಿನವೇ ಹೇಳುತ್ತೇನೆ. ಲೈನ್ ಮನೆಯ ಆ ಹುಡುಗಿಗೂ ಅದೇ ನೋಟ್‌ಬುಕ್ ಕೊಟ್ಟೆ. ಅವಳ ಲೆಕ್ಕ 13,500ಕ್ಕೆ ಬಂದಾಗ, ಎರಡು ವರ್ಷ 9,000ಕ್ಕೆ ದುಡಿದದ್ದು ನೆನೆದು ಅತ್ತಳು. ಈಗ ಒಂದು ಸಹಕಾರ ಸಂಘದಲ್ಲಿ 14,000ಕ್ಕೆ ಇದ್ದಾಳೆ. ಅವಳ ವಿಷಯವನ್ನು ಮೊದಲೇ ಹಿಡಿಯಬೇಕಿತ್ತು. ಜಾಸ್ತಿ ಕೇಳುವವರು ನಮ್ಮ ಕಣ್ಣಿಗೆ ಬೀಳುತ್ತಾರೆ, ಕಮ್ಮಿ ಕೇಳುವವರು ಬೀಳುವುದಿಲ್ಲ.

ನಮ್ಮೂರಿನ ಅಂಗಡಿ, ಆಫೀಸುಗಳ ಮುಂದೆ "ಕೆಲಸಕ್ಕೆ ಬೇಕಾಗಿದ್ದಾರೆ, ಸಂಬಳ ಮಾತಾಡೋಣ" ಅಂತ ಬೋರ್ಡು ಹಾಕುವವರನ್ನು ಒಂದು ಕೇಳಿಕೊಳ್ಳುತ್ತೇನೆ. ಸಂಖ್ಯೆ ಬರೆಯಿರಿ. ಬರೆಯದಿದ್ದರೆ ಮಕ್ಕಳು ಅದನ್ನು ಮದುವೆ ಮನೆಯ ಊಟದ ಸಾಲಿನಿಂದ ತರುತ್ತಾರೆ.

ಮೊನ್ನೆ ಒಂದು ಮದುವೆಗೆ ಹೋಗಿದ್ದೆ. ಚೇತನ್ ಅಪ್ಪನೂ ಬಂದಿದ್ದರು. ಎಲೆ ಮುಂದೆ ಕೂತಾಗ ಯಾರೋ ಕೇಳಿದರು, "ನಿಮ್ ಹುಡುಗನಿಗೆ ಎಷ್ಟು ಈಗ?"

"ಇಪ್ಪತ್ತೈದು," ಅಂದರು. ನನ್ನ ಕಡೆ ನೋಡಲಿಲ್ಲ. ಅವರ ಎದುರು ಸಾಲಿನಲ್ಲಿ ಡಿಗ್ರಿ ಮುಗಿಸಿದ ಇಬ್ಬರು ಹುಡುಗರು ಕೂತಿದ್ದರು.

ಅದರ ಮುಂದಿನ ಭಾನುವಾರ ಅವರಲ್ಲಿ ಒಬ್ಬ ನಮ್ಮ ಜಗಲಿ ಹತ್ತಿದ. "ಸರ್, ಕುಶಾಲನಗರದಲ್ಲೇ ಇಪ್ಪತ್ತೈದು ಕೊಡ್ತಾರಂತೆ, ಹೌದಾ?"

ಕೂರು ಅಂದೆ. ನೋಟ್‌ಬುಕ್ ತೆಗೆದುಕೊಂಡು, ಚೇತನ್‌ಗೆ ಫೋನ್ ಮಾಡಿದೆ.